ಆಡಿದರೂ ತೂಕ ಏರುವುದೇಕೆ?

ಪ್ರಶ್ನೆ: ಐದನೇ ತರಗತಿಯ ನಮ್ಮ ಮಗ ದಿನವೂ ಸಂಜೆ ಒಂದು ಗಂಟೆ ಆಡುತ್ತಾನೆ. ಆದರೂ ಮೈ ಬರುತ್ತಲೇ ಇದೆ. ಏಕೆ?

ಬೆಳೆಯುವ ಮಗುವಿನ ತೂಕ ಏರುವುದು ಸಹಜ. ಎತ್ತರಕ್ಕೆ ಮೀರಿ ಏರಿದರೆ ಮಾತ್ರ ಯೋಚಿಸಬೇಕು. ಹಾಗಾಗಿದ್ದರೆ ಮೊದಲು ನೋಡಬೇಕಾದದ್ದು ಮೈದಾನವನ್ನಲ್ಲ, ತಟ್ಟೆಯನ್ನು. ಮನೆಯ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಮೋಟಾರು ಓಡುತ್ತಿರುವಾಗ ಕೆಳಗೆ ಒಂದು ನಲ್ಲಿ ಬಿಟ್ಟರೂ ಟ್ಯಾಂಕ್ ತುಂಬುತ್ತಲೇ ಇರುತ್ತದೆ. ಆಟ ಆ ನಲ್ಲಿ, ತಿನಿಸು ಮೋಟಾರು. 300 ಮಿ.ಲೀ. ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ 120 ಕ್ಯಾಲೊರಿ ಇರುತ್ತದೆ. ಕುಡಿಯಲು ಎರಡು ನಿಮಿಷ ಸಾಕು. ಕರಗಿಸಲು ಹುಡುಗ ಸುಮಾರು ಅರ್ಧ ಗಂಟೆ ಓಡಾಡಬೇಕು. ಇಷ್ಟಾಗಿಯೂ ಹೊಟ್ಟೆ ತುಂಬಿದಂತೆ ಅನಿಸುವುದಿಲ್ಲ. ನಾರು, ಪ್ರೋಟೀನ್ ಇರುವ ಮುದ್ದೆ, ಕಾಳಿನ ಸಾರು ನಿಧಾನವಾಗಿ ಜೀರ್ಣವಾಗಿ ಹಸಿವನ್ನು ತಡೆದು ನಿಲ್ಲಿಸುತ್ತವೆ. 2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 20 ಮಂದಿಗೆ ಬೇಕಾದಷ್ಟು ತಿನ್ನಲು ಬಿಟ್ಟಾಗ, ಕಾರ್ಖಾನೆಯ ಸಂಸ್ಕರಿತ ಆಹಾರ ಸಿಕ್ಕ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು.

ಅವರೆಲ್ಲ ವಯಸ್ಕರಲ್ಲವೇ ಎನ್ನಬಹುದು. ನಿಜ, ಆದರೆ ಬಿಸ್ಕತ್ತಿನ ಪೊಟ್ಟಣದ ಮುಂದೆ ಮಕ್ಕಳ ಸಂಯಮ ದೊಡ್ಡವರಿಗಿಂತ ಹೆಚ್ಚೆಂದು ನಂಬಲು ಕಾರಣವಿಲ್ಲ. ಹಾಗಾದರೆ ಆಟ ಬಿಡಿಸಿ ಟ್ಯೂಷನ್ನಿಗೆ ಕಳಿಸೋಣವೇ? ಖಂಡಿತ ಬೇಡ. ತೂಕ ಇಳಿಯಲಿ ಬಿಡಲಿ, ಮೂಳೆ, ಹೃದಯ, ನಿದ್ದೆಗೆ ಆಟ ಬೇಕೇ ಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ಮಗ ಅಷ್ಟು ಆಡುತ್ತಿದ್ದಾನೆ. ಆಡಿ ಬಂದವನ ಕೈಗೆ ಏನು ಕೊಡುತ್ತೀರಿ, ಒಂದು ವಾರ ಬರೆದಿಟ್ಟು ನೋಡಿ.