ಗಣಿಯ ಲೆಕ್ಕ: ಅಂದಿನ ಅಂಕಿ, ಇಂದಿನ ಅಂಕಿ

ಒಂದು ಟನ್ ಅದಿರಿನಲ್ಲಿ 3 ಗ್ರಾಂ ಚಿನ್ನವಿದೆಯೆಂದು ಯಾರಾದರೂ ಹೇಳಿದರೆ, ಅದು ಹೆಚ್ಚೋ ಕಡಮೆಯೋ? ಆ ಅಂಕಿಯೊಂದೇ ಇದಕ್ಕೆ ಉತ್ತರ ಕೊಡಲಾರದು. ಅಂಕಿಗೆ ಅರ್ಥ ಬರುವುದು ಹೋಲಿಕೆಯಿಂದ. ಕೋಲಾರದ ಚಿನ್ನದ ಗಣಿಗಳಲ್ಲಿ ಆರಂಭಕಾಲದಲ್ಲಿ ಟನ್ನಿಗೆ ಸುಮಾರು 45 ಗ್ರಾಂ ಚಿನ್ನವಿದ್ದಿತು. ಕೊನೆಗಾಲಕ್ಕೆ ಅದು 3 ಗ್ರಾಂ ಆಸುಪಾಸಿಗೆ ಇಳಿಯಿತು. ಅಷ್ಟರಲ್ಲಿ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿ, ಅಗೆಯುವ ವೆಚ್ಚ ಏರಿದ್ದಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಸಾವಿರಾರು ಮನೆಗಳ ಸಂಪಾದನೆ ನಿಂತಿತು. ಇಂದಿಗೂ ಆ ಊರಿನ ಅನೇಕರು ಬೆಳಗಿನ ರೈಲು ಹಿಡಿದು, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಆದುದರಿಂದ ಅಂದಿನ ಅಂಕಿಗೂ ಇಂದಿನ ಅಂಕಿಗೂ ಹೋಲಿಕೆ ಮಾಡುವುದು ಕೇವಲ ಗುಮಾಸ್ತರ ಕೆಲಸವೆಂದು ನಾವು ತಿಳಿಯಬಾರದು.

ಇಂದು ವ್ಯಾಪಾರ ಸಂಸ್ಥೆಗಳಲ್ಲಿ ಈ ಹೋಲಿಕೆಗೆ ಎರಡು ಸಾಧನಗಳುಂಟು. ಮೊದಲನೆಯದು ಡ್ಯಾಶ್‌ಬೋರ್ಡ್. ಹಿಂದೆ ಕುದುರೆ ಗಾಡಿಯಲ್ಲಿ ಸವಾರನ ಮೇಲೆ ಕೆಸರು ಸಿಡಿಯದಂತೆ ತಡೆಯುತ್ತಿದ್ದ ಹಲಗೆಗೆ ಈ ಹೆಸರಿದ್ದಿತು. ಬಳಿಕ ಮೋಟಾರು ಗಾಡಿಯಲ್ಲಿ ವೇಗಮಾಪಕ ಮುಂತಾದುವನ್ನು ಜೋಡಿಸಿದ ಹಲಗೆಗೂ, ಈಗ ಗಣಕದ ಪರದೆಯ ಮೇಲೆ ಮುಖ್ಯ ಅಂಕಿಗಳನ್ನು ಒಟ್ಟಿಗೆ ತೋರಿಸುವ ಪುಟಕ್ಕೂ ಅದೇ ಹೆಸರು ಬಂದಿದೆ. ಗಣಿಯಲ್ಲಿಯೂ ಇದರ ಪೂರ್ವರೂಪವನ್ನು ಕಾಣಬಹುದು. ಜನರನ್ನು ಕೆಳಗಿಳಿಸುವ ಯಂತ್ರದ ಚಾಲಕನ ಮುಂದೆ, ಪಂಜರವು ಎಷ್ಟು ಆಳದಲ್ಲಿದೆಯೆಂದು ತೋರಿಸುವ ಮುಳ್ಳು ಇರುತ್ತದೆ. ಅದು ಈ ಕ್ಷಣದ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ನಿನ್ನೆ ಎಲ್ಲಿದ್ದೆನೆಂಬುದು ಮುಳ್ಳಿಗೆ ನೆನಪಿಲ್ಲ.

ಆ ನೆನಪನ್ನು ಒದಗಿಸುವುದೇ ಎರಡನೆಯ ಸಾಧನವಾದ ಸ್ನ್ಯಾಪ್‌ಷಾಟ್, ಎಂದರೆ ಕ್ಷಣಚಿತ್ರ. ಗಣಕದ ಕೋಷ್ಟಕದಲ್ಲಿ ಹೊಸ ಅಂಕಿಯನ್ನು ಬರೆದಾಗ ಸಾಮಾನ್ಯವಾಗಿ ಹಳೆಯದು ಅಳಿಸಿಹೋಗುತ್ತದೆ. ಹಾಗಾಗದಂತೆ, ಗೊತ್ತಾದ ದಿನದಂದು, ಉದಾಹರಣೆಗೆ ಪ್ರತಿ ತಿಂಗಳ ಕೊನೆಯಲ್ಲಿ, ಇಡೀ ಕೋಷ್ಟಕದ ಪ್ರತಿಯೊಂದನ್ನು ತಾರೀಖು ಹಾಕಿ ತೆಗೆದಿಡುತ್ತಾರೆ. ಅನಂತರ ಅದನ್ನು ಯಾರೂ ತಿದ್ದುವಂತಿಲ್ಲ. ಇಂದಿನ ಅಂಕಿಯ ಪಕ್ಕದಲ್ಲಿ ಇಂತಹ ಹಳೆಯ ಪ್ರತಿಯ ಅಂಕಿಯನ್ನು ಇಟ್ಟಾಗ ಮಾತ್ರ ಏರಿಳಿತ ಕಾಣುತ್ತದೆ.

ಆದರೆ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟ ಮಾತ್ರಕ್ಕೆ ಹೋಲಿಕೆ ನ್ಯಾಯವಾಗುವುದಿಲ್ಲ. ಮೂರು ಎಚ್ಚರಿಕೆಗಳು ಅವಶ್ಯಕ.

ಮೊದಲನೆಯದು ಅಳತೆ. ಕೋಲಾರದ ಗಣಿಗಳನ್ನು 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ನಡೆಸಿತು. 1956ರಲ್ಲಿ ಅವು ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿಗೆ ಶಾಸನವಾದುದೂ 1956ರಲ್ಲಿಯೇ. ಬ್ರಿಟಿಷ್ ಟನ್ನಿಗೆ ಒಂದೂವರೆ ಔನ್ಸು ಎಂದು ಒಂದು ಹಳೆಯ ಲೆಕ್ಕದಲ್ಲಿದೆಯೆನ್ನೋಣ. ಚಿನ್ನ ತೂಗುವ ಟ್ರಾಯ್ ಔನ್ಸು 31.1 ಗ್ರಾಂ, ಬ್ರಿಟಿಷ್ ಟನ್ 1,016 ಕಿಲೋಗ್ರಾಂ. ಆದುದರಿಂದ ಅದು ಮೆಟ್ರಿಕ್ ಟನ್ನಿಗೆ ಸುಮಾರು 46 ಗ್ರಾಂ. ಅದನ್ನೇ 28.35 ಗ್ರಾಂ ತೂಕದ ಸಾಮಾನ್ಯ ಔನ್ಸೆಂದು ಬಗೆದರೆ 42 ಗ್ರಾಂ ಎಂದಾಗುತ್ತದೆ. ಗಣಿಯಲ್ಲಿ ಏನೂ ಬದಲಾಗದೆಯೆ ಲೆಕ್ಕದಲ್ಲಿ 4 ಗ್ರಾಂ ಚಿನ್ನ ಮಾಯವಾಗುತ್ತದೆ!

ಎರಡನೆಯದು ಕಾಲ. ಬಂಗಾರಪೇಟೆಯ ಬಟ್ಟೆ ಅಂಗಡಿಯೊಂದನ್ನು ಊಹಿಸಿಕೊಳ್ಳೋಣ. 2022ರಲ್ಲಿ ದೀಪಾವಳಿ ಅಕ್ಟೋಬರಿನಲ್ಲಿ ಬಂದಿತು, 2023ರಲ್ಲಿ ನವೆಂಬರಿನಲ್ಲಿ. ಎರಡು ಅಕ್ಟೋಬರುಗಳ ಮಾರಾಟವನ್ನು ಹೋಲಿಸಿದರೆ ವ್ಯಾಪಾರ ಬಿದ್ದುಹೋಯಿತೆಂದು ತೋರಬಹುದು. ನಿಜವಾಗಿ ಮುಂದೆ ಹೋದುದು ಹಬ್ಬ. ಹಬ್ಬದ ವಾರವನ್ನು ಹಬ್ಬದ ವಾರದೊಡನೆ ಹೋಲಿಸಬೇಕು.

ಮೂರನೆಯದು, ಅಂಕಿ ಕಚ್ಚಾದುದೋ ಖಚಿತವಾದುದೋ ಎಂಬುದು. ಅದಿರನ್ನು ಅಗೆದ ದಿನ ತಿಳಿಯುವುದು ಮಾದರಿಗಳಿಂದ ಕಟ್ಟಿದ ಅಂದಾಜು ಮಾತ್ರ. ಪುಡಿಮಾಡಿ, ಸೈನೈಡಿನಲ್ಲಿ ಕರಗಿಸಿ, ಗಟ್ಟಿಯಾಗಿ ಎರಕಹೊಯ್ದು ತೂಗಿದ ಮೇಲೆಯೇ ನಿಜವಾದ ತೂಕ ತಿಳಿಯುತ್ತದೆ. ಈ ತಿಂಗಳ ಅಂದಾಜನ್ನು ಕಳೆದ ವರ್ಷದ ತಿದ್ದಿದ ಲೆಕ್ಕದೊಡನೆ ಹೋಲಿಸಿದರೆ ಇಲ್ಲದ ನಷ್ಟವೋ ಲಾಭವೋ ಕಾಣಿಸೀತು. ಆದುದರಿಂದ ಪ್ರತಿಯೊಂದು ಅಂಕಿಗೂ ಎರಡು ತಾರೀಖುಗಳು ಬೇಕು: ಅದು ಯಾವ ದಿನಕ್ಕೆ ಸಂಬಂಧಿಸಿದುದು, ಯಾವ ದಿನ ಬರೆದುದು.

ಇಷ್ಟು ಜಾಗರೂಕತೆಯಿಂದ ಇಟ್ಟ ಲೆಕ್ಕ, ಗಣಿ ಮುಚ್ಚಿದ ಮೇಲೂ ಮಾತನಾಡಬಲ್ಲುದು. ಆ ಊರಿನ ಸುತ್ತ, ಚಿನ್ನ ತೆಗೆದು ಎಸೆದ ಪುಡಿಮಣ್ಣು ಸೈನೈಡ್ ದಿಬ್ಬಗಳಾಗಿ ನಿಂತಿದೆ. ಒಟ್ಟು ಸುಮಾರು 3 ಕೋಟಿ 30 ಲಕ್ಷ ಟನ್. ಪ್ರತಿ ಟನ್ನಿನಲ್ಲಿ ಮುಕ್ಕಾಲು ಗ್ರಾಂ ಚಿನ್ನ ಉಳಿದಿದೆಯೆಂದು ಹಿಡಿದರೆ, ಒಟ್ಟು ಸುಮಾರು 25 ಟನ್ ಆಗುತ್ತದೆ. ಅಂದು ಕಸವೆಂದು ಬರೆದುದನ್ನು ಇಂದಿನ ಬೆಲೆಗೆ, ಇಂದಿನ ವಿಧಾನಕ್ಕೆ ಹೊಂದಿಸಿ ಮತ್ತೆ ತೂಗಿನೋಡಬಹುದು. ಯಾವ ವರ್ಷದ ಮಣ್ಣು ಯಾವ ದಿಬ್ಬದಲ್ಲಿದೆ, ಅದರಲ್ಲಿ ಎಷ್ಟು ಚಿನ್ನ ಉಳಿದುಹೋಯಿತು ಎಂಬುದನ್ನು ಅಂದಿನ ಗುಮಾಸ್ತನು ತಾರೀಖಿನೊಡನೆ ಬರೆದಿಟ್ಟಿದ್ದರೆ, ಎಲ್ಲಿಂದ ಅಗೆಯಬೇಕೆಂಬುದನ್ನು ಆ ಪುಟವೇ ಹೇಳುತ್ತದೆ. ಅದನ್ನು ಅಳಿಸಿ ಮೇಲೆ ಬರೆದಿದ್ದರೆ, ದಿಬ್ಬವನ್ನೆಲ್ಲ ಮೊದಲಿನಿಂದ ಪರೀಕ್ಷಿಸಬೇಕಾಗುತ್ತದೆ.