ತುರ್ತು ಹರ್ನಿಯಾ, ಮೆಶ್ ಮತ್ತು ಮುಂದಿನ ಹತ್ತು ವರ್ಷ

ಕುವೈತ್‌ನ ಜಲೀಬ್, ಮಹಬೂಲಾ ಕಡೆಯ ರೂಮುಗಳಲ್ಲಿರುವ ನಮ್ಮವರಿಗೆ ತೊಡೆಸಂದಿಯಲ್ಲಿ ಹರ್ನಿಯಾದ ಗಂಟು ಕಂಡರೆ ‘ರಜೆಗೆ ಊರಿಗೆ ಹೋದಾಗ ತೋರಿಸಿದರಾಯಿತು’ ಎನ್ನುವುದು ಸಹಜ. ನೋವಿಲ್ಲದ ಗಂಡಸರ ಮಟ್ಟಿಗೆ ಅದು ತೀರಾ ತಪ್ಪೂ ಅಲ್ಲ. 720 ಗಂಡಸರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಆಪರೇಷನ್ ಮುಂದೂಡಿದವರ ಪೈಕಿ ಹರ್ನಿಯಾ ಸಿಕ್ಕಿಹಾಕಿಕೊಂಡದ್ದು ವರ್ಷಕ್ಕೆ ಸಾವಿರದಲ್ಲಿ ಸುಮಾರು ಇಬ್ಬರಿಗೆ. ಆದರೆ ಆ ಇಬ್ಬರಿಗೆ ಊರಿನವರೆಗೆ ಕಾಯುವ ಅವಕಾಶವೇ ಇರುವುದಿಲ್ಲ. ಗಂಟು ಗಟ್ಟಿಯಾಗಿ, ನೋವು ಏರಿ, ವಾಂತಿ ಶುರುವಾದರೆ ಕರುಳಿಗೆ ರಕ್ತ ನಿಂತಿರಬಹುದು. ಕೆಲವೇ ಗಂಟೆಗಳಲ್ಲಿ ಅದು ಕೊಳೆಯಬಹುದು.

ಆಪರೇಷನ್ ಟೇಬಲ್ ಮೇಲೆ ಸರ್ಜನ್ ಬಿಗಿದ ಉಂಗುರವನ್ನು ಸಡಿಲಿಸಿ, ನೇರಳೆಗೆ ತಿರುಗಿದ ಕರುಳನ್ನು ಬಿಸಿ ಸಲೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಸುತ್ತಿ ಕೆಲವು ನಿಮಿಷ ಕಾಯುತ್ತಾರೆ. ಗುಲಾಬಿ ಬಣ್ಣ ಮರಳಿತೇ? ಮುಟ್ಟಿದರೆ ಕರುಳು ಅಲುಗುತ್ತದೆಯೇ? ಮರಳಿದರೆ ಒಳಗೆ ತಳ್ಳುತ್ತಾರೆ, ಇಲ್ಲವಾದರೆ ಆ ಭಾಗವನ್ನು ಕತ್ತರಿಸಿ ಜೋಡಿಸುತ್ತಾರೆ. ಹೊಟ್ಟೆಗೋಡೆಯ ಸೀಳನ್ನು ಬರೀ ಹೊಲಿಗೆಯಿಂದ ಮುಚ್ಚಬೇಕೋ, ಮೆಶ್ ಎಂಬ ಬಲೆ ಹಾಕಬೇಕೋ ಎಂಬ ಪ್ರಶ್ನೆ ಆಮೇಲಿನದು.

ತುರ್ತು ಆಪರೇಷನ್‌ನಲ್ಲಿ ಮೆಶ್ ಬೇಡ ಎಂಬುದು ಬಹುಕಾಲದ ರೂಢಿ. ಸೋಂಕು ತಗುಲಿದರೆ ಬಲೆಯಲ್ಲಿ ಅಡಗಿದ ಬ್ಯಾಕ್ಟೀರಿಯಾ ಆ್ಯಂಟಿಬಯಾಟಿಕ್‌ಗೂ ಬಗ್ಗುವುದಿಲ್ಲ ಎಂಬ ಭಯ. ಈ ಭಯಕ್ಕೆ ಆಧಾರವಿತ್ತು, ಆದರೆ ಎಲ್ಲ ಮೆಶ್‌ಗಳಿಗೂ ಅದು ಒಂದೇ ಸಮನಾಗಿ ಅನ್ವಯಿಸುವುದಿಲ್ಲ. ಬ್ಯಾಕ್ಟೀರಿಯಾ ಸುಮಾರು ಒಂದು ಮೈಕ್ರಾನ್‌ನಷ್ಟು, ಅದನ್ನು ನುಂಗುವ ನಮ್ಮ ರಕ್ಷಣಾ ಕಣ ಹತ್ತು ಮೈಕ್ರಾನ್‌ಗೂ ದೊಡ್ಡದು. ಹತ್ತಕ್ಕಿಂತ ಕಿರಿದಾದ ರಂಧ್ರದೊಳಗೆ ಬ್ಯಾಕ್ಟೀರಿಯಾ ನುಸುಳುತ್ತದೆ, ರಕ್ಷಣಾ ಕಣ ಹೊರಗೇ ಉಳಿಯುತ್ತದೆ. ಎಪ್ಪತ್ತೈದು ಮೈಕ್ರಾನ್‌ಗೂ ಅಗಲವಾದ ರಂಧ್ರಗಳ ಪಾಲಿಪ್ರೊಪಿಲೀನ್ ಬಲೆಯಲ್ಲಿ ರಕ್ಷಣಾ ಕಣ, ರಕ್ತನಾಳ, ಹೊಸ ಅಂಗಾಂಶ ಎಲ್ಲವೂ ಒಳಹೊಕ್ಕು ಬೆಳೆಯುತ್ತವೆ.

ವಿಶ್ವ ತುರ್ತು ಶಸ್ತ್ರಚಿಕಿತ್ಸಾ ಸಂಘದ 2017ರ ಮಾರ್ಗಸೂಚಿ ಈ ತಿಳಿವಳಿಕೆಯ ಜೊತೆಗೇ ಹೆಜ್ಜೆ ಹಾಕಿದೆ. ಕರುಳು ಬದುಕಿದ್ದರೆ ಮೆಶ್ ಹಾಕಬಹುದು. ಕರುಳು ಕತ್ತರಿಸಿದರೂ ಮಲ ಚೆಲ್ಲದಿದ್ದರೆ ಹಾಕಬಹುದು. ಕರುಳು ತೂತಾಗಿ ಹೊಟ್ಟೆ ಮಲಿನವಾಗಿದ್ದು, ಸೀಳು ಸಣ್ಣದಿದ್ದರೆ ಹೊಲಿಗೆಯೇ ಲೇಸು.

ಮೆಶ್‌ನ ಬೆಲೆ ತಿಳಿಯುವುದು ವರ್ಷಗಳ ನಂತರ. ಹಳೆಯ ಆಪರೇಷನ್ ಗಾಯದ ಹರ್ನಿಯಾಗಳ ಬಗ್ಗೆ ನೆದರ್ಲೆಂಡ್ಸ್‌ನಲ್ಲಿ ನಡೆದ ಪ್ರಯೋಗದಲ್ಲಿ, ಹತ್ತು ವರ್ಷದೊಳಗೆ ಹರ್ನಿಯಾ ಮರುಕಳಿಸಿದ್ದು ಹೊಲಿಗೆ ಹಾಕಿಸಿಕೊಂಡವರಲ್ಲಿ ಶೇ. 63ರಷ್ಟು, ಮೆಶ್ ಹಾಕಿಸಿಕೊಂಡವರಲ್ಲಿ ಶೇ. 32ರಷ್ಟು. ಡೆನ್ಮಾರ್ಕ್‌ನಲ್ಲಿ ಇಂಥದೇ ರೋಗಿಗಳನ್ನು ಐದು ವರ್ಷ ಹಿಂಬಾಲಿಸಿ ನೋಡಿದಾಗ ಮೆಶ್‌ನ ಲಾಭ ಕಂಡಿತು, ತೆರೆದ ಆಪರೇಷನ್‌ನಲ್ಲಿ ಶೇ. 5.6 ಮಂದಿಗೆ ಮೆಶ್‌ನಿಂದಲೇ ಗಂಭೀರ ತೊಂದರೆಯಾದದ್ದೂ ಕಂಡಿತು. ಎರಡೂ ಮೊದಲೇ ದಿನ ಗೊತ್ತುಮಾಡಿದ ಆಪರೇಷನ್‌ಗಳ ಲೆಕ್ಕ. ತುರ್ತಿಗೆ ಅದನ್ನೇ ಅಳವಡಿಸುವುದು ಸರಿಯಲ್ಲ.

ತುರ್ತಿನ ಲೆಕ್ಕ ಹಿಡಿಯಲು ಕುವೈತ್‌ನಂಥ ದೇಶ ಅತಿ ಕಷ್ಟದ ಜಾಗ. ಜನಸಂಖ್ಯೆಯ ಸುಮಾರು ಮೂರನೇ ಎರಡು ಪಾಲು ಹೊರದೇಶದವರು. ವೀಸಾ ಮುಗಿದರೆ ರೋಗಿ ಊರಿಗೆ ಹೊರಡುತ್ತಾನೆ. ನಾಲ್ಕು ವರ್ಷದ ನಂತರ ಗಂಟು ಮತ್ತೆ ಬಂದರೆ ಅದನ್ನು ನೋಡುವವರು ಮಂಗಳೂರಿನ ಅಥವಾ ಉಡುಪಿಯ ಸರ್ಜನ್. ಅವರ ಮುಂದೆ ಹಳೆಯ ಗಾಯದ ಗೆರೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಆದ್ದರಿಂದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಮೆಶ್‌ನ ಹೆಸರು, ಅಳತೆ, ಅದನ್ನು ಯಾವ ಪದರದಲ್ಲಿ ಇಟ್ಟರು, ಕರುಳು ಕತ್ತರಿಸಿದರೇ ಎಂಬುದೆಲ್ಲ ಬರೆಸಿಕೊಳ್ಳಬೇಕು. ಮೆಶ್ ಪೆಟ್ಟಿಗೆಯಲ್ಲಿ ಲಾಟ್ ನಂಬರಿನ ಸ್ಟಿಕ್ಕರ್ ಬರುತ್ತದೆ. ಒಂದನ್ನು ಕೇಳಿ ಪಡೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.