ಲೆಕ್ಕಕ್ಕೆ ಸಿಗದವರ ಲೆಕ್ಕ

ಜನಗಣತಿಯನ್ನು ನಮ್ಮ ಹಿರಿಯರು ಖಾನೇಷುಮಾರಿ ಎನ್ನುತ್ತಿದ್ದರು. ಪಾರಸಿಯಲ್ಲಿ ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ಸರ್ಕಾರ ಆಡಳಿತದ ಅನುಕೂಲಕ್ಕೆಂದು ಮಾಡಿಸಿದ ಈ ಎಣಿಕೆಯ ಹಳೆಯ ಸಂಪುಟಗಳು ಇಂದು ಸಮಾಜದ ಚರಿತ್ರೆ ಬರೆಯುವವರಿಗೆ ದೊಡ್ಡ ಆಕರ. ಅವುಗಳನ್ನು ಓದುವ ಬಗೆಗೆ ಮೈಸೂರು ಸಂಸ್ಥಾನದ್ದೇ ಒಂದು ಉದಾಹರಣೆ ನೋಡಬಹುದು.

1871ರ ಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಿದ್ದ ಸಂಖ್ಯೆ 8,69,224ರಷ್ಟು, ಅಂದರೆ ಶೇಕಡ 17ರಷ್ಟು, ಕುಸಿದಿತ್ತು. ಈ ಎರಡು ಎಣಿಕೆಗಳ ನಡುವೆ ಬಂದು ಹೋದದ್ದು 1876–78ರ ಧಾತು–ಈಶ್ವರ ಸಂವತ್ಸರಗಳ ಭೀಕರ ಕ್ಷಾಮ.

ಹಾಗಾದರೆ ಸತ್ತವರು 8.69 ಲಕ್ಷವೇ? ಅಷ್ಟು ಸುಲಭವಲ್ಲ. ಕೂಲಿ ಅರಸಿ ಸೀಮೆ ದಾಟಿದವರೂ ಇದರಲ್ಲಿ ಸೇರಿದ್ದಾರೆ. ಇನ್ನೊಂದೆಡೆ, 1871ರ ಗಣತಿ ಮುಗಿದ ಮೇಲೆ ಹುಟ್ಟಿ, ಕ್ಷಾಮದಲ್ಲಿ ತೀರಿಕೊಂಡ ಮಗು ಎರಡು ಗಣತಿಗೂ ಸಿಕ್ಕಿಲ್ಲ. ಈ ವ್ಯತ್ಯಾಸದಲ್ಲಿ ಅದರ ಸಾವು ಕಾಣುವುದೇ ಇಲ್ಲ.

ಆದ್ದರಿಂದ ಸಂಶೋಧಕರು ಒಟ್ಟು ಮೊತ್ತಕ್ಕೆ ನಿಲ್ಲದೆ ವಯಸ್ಸಿನ ಕೋಷ್ಟಕಕ್ಕೆ ಹೋಗುತ್ತಾರೆ. ಕ್ಷಾಮದ ವರ್ಷಗಳಲ್ಲಿ ಹುಟ್ಟಿ ಉಳಿದವರು ಕಡಿಮೆ. 1881ರಲ್ಲಿ ಐದು ವರ್ಷದೊಳಗಿನವರ ಸಾಲಿನಲ್ಲಿರುವ ಈ ಕೊರತೆ 1891ರಲ್ಲಿ ಹತ್ತರಿಂದ ಹದಿನೈದರ ಸಾಲಿಗೆ ಸರಿಯುತ್ತದೆ. ಬರದ ಗಾಯವೂ ಜನರೊಂದಿಗೆ ಬೆಳೆಯುತ್ತಾ ಹೋಗುತ್ತದೆ. ಜಿಲ್ಲಾವಾರು ಅಂಕಿಗಳನ್ನು ನೋಡಿದರೆ ಕೋಲಾರ, ತುಮಕೂರಿನಂಥ ಬಯಲುಸೀಮೆಗೆ ಬಿದ್ದ ಪೆಟ್ಟು ಮಲೆನಾಡಿಗೆ ಬಿದ್ದಿರಲಿಲ್ಲ ಎಂಬುದೂ ತಿಳಿಯುತ್ತದೆ. 1891ರ ಗಣತಿಯಲ್ಲೂ ಜನಸಂಖ್ಯೆ 49,43,604. ಇಪ್ಪತ್ತು ವರ್ಷ ಕಳೆದರೂ ಹಳೆಯ ಮಟ್ಟ ಮುಟ್ಟಿರಲಿಲ್ಲ.

ಓದುವಾಗ ಎಚ್ಚರವೂ ಬೇಕು. ಹುಟ್ಟಿದ ದಿನ ಬರೆದಿಡದ ಕಾಲವದು. ವಯಸ್ಸು ಕೇಳಿದರೆ ಇಪ್ಪತ್ತು, ಇಪ್ಪತ್ತೈದು, ಮೂವತ್ತು ಎಂದು ಅಂದಾಜು ಹೇಳುವವರೇ ಹೆಚ್ಚು. ಜಿಲ್ಲೆಗಳ ಗಡಿಗಳೂ ಕಾಲಕಾಲಕ್ಕೆ ಬದಲಾಗಿವೆ. ಇವನ್ನು ಸರಿಹೊಂದಿಸದೆ ಎರಡು ಗಣತಿಗಳನ್ನು ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುವ ಅಪಾಯವಿದೆ.

ಹಳೆಯ ಗಣತಿ ವರದಿಗಳನ್ನು ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ಈಗ ಅಂತರ್ಜಾಲದಲ್ಲಿ ಒದಗಿಸಿದೆ. ಆಸಕ್ತರು ಮನೆಯಲ್ಲೇ ಕುಳಿತು ಓದಬಹುದು. ಆ ಪುಟಗಳಲ್ಲಿ ಮನೆಮನೆಯ ಹೆಸರುಗಳಿಲ್ಲ, ಬರೀ ಮೊತ್ತಗಳಿವೆ. ಆದರೂ ಕ್ಷಾಮದಲ್ಲಿ ಅಳಿದುಹೋದ ಬಡ ರೈತ, ಕೂಲಿಯವರಲ್ಲಿ ಹೆಚ್ಚಿನವರಿಗೆ ಕಲ್ಲು ನೆಟ್ಟವರಿಲ್ಲ, ಚರಿತ್ರೆ ಬರೆದವರೂ ಇಲ್ಲ. ಅವರು ಇದ್ದರು ಎಂಬುದಕ್ಕೆ ಈ ಕೋಷ್ಟಕಗಳಲ್ಲಿ ಕಾಣುವ ಕೊರತೆಯೇ ಉಳಿದಿರುವ ಸಾಕ್ಷಿ.